ಬಳಪ ಯಾರ ಕೈಯಲ್ಲಿ?

1623ರ ನವೆಂಬರ್ ತಿಂಗಳು. ರೋಮ್ ನಗರದ ಪ್ರವಾಸಿಯೊಬ್ಬ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಯ ಕಡೆಗೆ ಹೊರಟಿದ್ದ. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗುತ್ತಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡಿದ್ದ ಈತ, ಕಣ್ಣಿಗೆ ಬಿದ್ದುದನ್ನೆಲ್ಲ ಬರೆದಿಡುವ ಸ್ವಭಾವದವನು. ದಾರಿಯಲ್ಲಿ ಒಂದು ದೇವಸ್ಥಾನದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಅವನು ನಿಂತ. ನೆಲದ ಮೇಲೆ ನಯವಾದ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಅದನ್ನೇ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದ ಮೂವರು ಅದನ್ನು ಅದೇ ರಾಗದಲ್ಲಿ ಹೇಳಿ ಬರೆಯುವರು. ನೆಲವೆಲ್ಲ ಅಂಕಿಗಳಿಂದ ತುಂಬಿದಾಗ ಅಂಗೈಯಿಂದ ಸವರಿ, ಪಕ್ಕದ ಗುಡ್ಡೆಯಿಂದ ಮತ್ತಷ್ಟು ಮರಳು ಎಳೆದುಕೊಳ್ಳುವರು.

ಪ್ರವಾಸಿಗೆ ಒಂದು ಸಂಶಯ ಬಂತು. ಅಲ್ಲಿ ಉಪಾಧ್ಯಾಯರು ಇರಲಿಲ್ಲ. ನಾಲ್ವರೂ ವಿದ್ಯಾರ್ಥಿಗಳೇ. ಹಾಗಾದರೆ ತಪ್ಪಿದಾಗ ತಿದ್ದುವವರು ಯಾರೆಂದು ಅವನು ಕೇಳಿದ. ಹುಡುಗರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಾಲ್ವರೂ ಒಂದೇ ಸ್ಥಳದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದಲಿ ಎಂದೇ ತಾವು ಒಟ್ಟಿಗೆ ಕುಳಿತಿರುವುದು. ಇದು ನಿಜವಾದ ಮಾತೆಂದು ಪ್ರವಾಸಿಯೂ ಒಪ್ಪಿ ಬರೆದುಕೊಂಡ.

ನಾನು ಮೂರು ದಶಕಕ್ಕೂ ಮಿಕ್ಕಿ ಮೇಷ್ಟರ ಕೆಲಸ ಮಾಡಿದವನು. ಈ ಪ್ರಸಂಗವನ್ನು ಓದಿದ್ದು ಬಹಳ ತಡವಾಗಿ. ಮೊದಲೇ ಓದಿದ್ದರೆ ನನ್ನ ಕೈಯಿಂದ ಆದ ಒಂದು ಅನ್ಯಾಯ ತಪ್ಪುತ್ತಿತ್ತೋ ಏನೋ. ಆ ಮಾತಿಗೆ ಆಮೇಲೆ ಬರುತ್ತೇನೆ. ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಕಲಿಸಬಹುದೇ, ಕಲಿಸುವುದಾದರೆ ಅವರನ್ನು ಅದಕ್ಕೆ ಸಿದ್ಧಪಡಿಸುವುದು ಹೇಗೆ ಎಂಬುದು ಇಂದಿನ ನನ್ನ ವಿಷಯ.

ಕಲಿಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಎಂದೋ ಇತ್ಯರ್ಥ ಮಾಡಿದ್ದಾರೆ. ವಿದ್ಯೆಯನ್ನು ನಾಲ್ಕು ಪಾಲು ಮಾಡಿ, ಗುರುವಿನಿಂದ ಒಂದು ಪಾಲು, ಸ್ವಂತ ಬುದ್ಧಿಯಿಂದ ಒಂದು, ಜೊತೆಗೆ ಓದುವವರಿಂದ ಒಂದು, ಕಾಲ ಕಳೆದಂತೆ ಒಂದು ಎಂದು ಹಂಚುವ ಸಂಸ್ಕೃತದ ಹಳೆಯ ಮಾತು ಶ್ರೋತೃಗಳಲ್ಲಿ ಹಲವರಿಗೆ ಪರಿಚಿತವಾದದ್ದೇ. ಗುರುವಿಗೂ ಸಹಪಾಠಿಗೂ ಸಮಪಾಲು ಕೊಟ್ಟ ಆ ಔದಾರ್ಯ ಗಮನಿಸತಕ್ಕದ್ದು. ನಮ್ಮ ಊರುಗಳಲ್ಲಿ ವಾರಾನ್ನ ಉಂಡು ಓದಿದ ಎಷ್ಟೋ ಹುಡುಗರು ಸಂಜೆ ಯಾವುದಾದರೂ ಮನೆಯ ಮಕ್ಕಳಿಗೆ ಪಾಠ ಹೇಳಿ ಪುಸ್ತಕದ ಖರ್ಚು ಹುಟ್ಟಿಸಿಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆಂದು ಹಿಡಿದ ಆ ಮನೆಪಾಠವೇ ತಮ್ಮ ಓದನ್ನು ಗಟ್ಟಿಮಾಡಿತೆಂದು ಹೇಳುವ ಹಿರಿಯರನ್ನು ನಾನು ಕಂಡಿದ್ದೇನೆ.

ಆದರೆ ಜೊತೆಯ ಹುಡುಗನಿಂದ ಬರುವ ಆ ಕಾಲುಪಾಲು ಗುರುವಿನಿಂದ ಏಕೆ ಬರಲಾರದು? ಇದಕ್ಕೆ ಕನ್ನಡದ ಅರ್ಕಾವೊತ್ತಿಗಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. 'ಸೂರ್ಯ' ಎಂಬ ಪದವನ್ನು ನೋಡಿ. ಬರವಣಿಗೆಯಲ್ಲಿ ಅರ್ಕಾವೊತ್ತಿನ ಕೊಕ್ಕೆ ಬರುವುದು 'ಯ'ಕಾರದ ಆಚೆಗೆ. ಬಾಯಿಯಲ್ಲಿ ರಕಾರ ಬರುವುದು ಅದರ ಈಚೆಗೆ. ಹೊಸದಾಗಿ ಓದುವ ಮಗು ಕಣ್ಣಿಗೆ ಕಂಡ ಕ್ರಮವನ್ನೇ ನಂಬಿ 'ಸೂಯ್ರ' ಎಂದು ಓದುತ್ತದೆ. ಮೇಷ್ಟರಿಗೆ ಇದು ಬರಿಯ ತಪ್ಪಾಗಿ ಕೇಳಿಸುತ್ತದೆ. ಐವತ್ತು ವರ್ಷಗಳಿಂದ 'ಸೂರ್ಯ' ಎಂದೇ ಓದುತ್ತ ಬಂದವನ ಕಣ್ಣಿಗೆ ಆ ಕೊಕ್ಕೆ ಆಚೆಗಿದೆಯೆಂಬುದೇ ಕಾಣುವುದಿಲ್ಲ. ಹೋದ ವರ್ಷವಷ್ಟೇ 'ಸೂಯ್ರ' ಎಂದು ಓದಿ ಕೈಮೇಲೆ ಏಟು ತಿಂದ ಹುಡುಗನಿಗಾದರೋ ಕಲ್ಲು ಎಲ್ಲಿದೆಯೆಂದು ಗೊತ್ತು. ತಾನು ಎಡವಿದ್ದು ಅಲ್ಲೇ. ಅವನು ಹೇಳುತ್ತಾನೆ: "ಲೋ, ಆ ಬಾಲ ಹಿಂದೆ ಇರೋ ಹಾಗೆ ಕಾಣುತ್ತೆ, ಆದರೆ ಮೊದಲು ಅದನ್ನೇ ಹೇಳಬೇಕು." ಯಾವ ವ್ಯಾಕರಣದ ಪುಸ್ತಕದಲ್ಲಿಯೂ ಇಲ್ಲದ ಆ ಸೂತ್ರ ಕಿರಿಯನಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಬೇಗ ಮರೆತುಹೋಗುವ ಜ್ಞಾನ ಇದು. ಕಲಿತದ್ದು ಚೆನ್ನಾಗಿ ಕರಗತವಾದಷ್ಟೂ, ಅದು ಕಷ್ಟವಾಗಿದ್ದ ಕಾಲದ ನೆನಪು ಅಳಿಯುತ್ತ ಹೋಗುತ್ತದೆ. ನಿನ್ನೆ ಕಲಿತವನ ಹತ್ತಿರ ಆ ನೆನಪು ಇನ್ನೂ ಬಿಸಿಯಾಗಿರುತ್ತದೆ.

ಈಗ ಚರಿತ್ರೆಗೆ ಬರೋಣ. ಈ ಪದ್ಧತಿ ನಮ್ಮ ನಾಡಿನಲ್ಲಿ ಎಷ್ಟು ರೂಢಿಯಲ್ಲಿತ್ತೆಂಬುದಕ್ಕೆ ಒಂದು ಸರಕಾರಿ ದಾಖಲೆಯೇ ಉಂಟು. 1822ರಲ್ಲಿ ಮದ್ರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ತನ್ನ ಕಲೆಕ್ಟರುಗಳಿಂದ ನಾಡಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರನಾಗಿದ್ದವನು ಎ. ಡಿ. ಕ್ಯಾಂಪ್‌ಬೆಲ್, ತೆಲುಗಿಗೆ ವ್ಯಾಕರಣ ಬರೆದ ಪಂಡಿತ. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿ ಬರಿಯ ಅಂಕಿಅಂಶಗಳ ಪಟ್ಟಿಯಲ್ಲ, ಶಾಲೆಯೊಳಗೆ ಕುಳಿತು ನೋಡಿದಂತಿದೆ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅದರಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆಗಳು 235, ತೆಲುಗಿನವು 226, ಮಿಕ್ಕವು ಮರಾಠಿ, ಪಾರ್ಸಿ, ಸಂಸ್ಕೃತ ಮೊದಲಾದವು. ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲವೆಂದೂ, ಜನರ ಬಡತನವೇ ಅದಕ್ಕೆ ಕಾರಣವೆಂದೂ ಅವನು ಬರೆದಿದ್ದಾನೆ. ಇಂತಹ ವರದಿಗಳನ್ನೆಲ್ಲ ಕಲೆಹಾಕಿ ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಮೇಲೆ ಅವು ನಮ್ಮಂಥವರ ಕೈಗೂ ಬಂದವು.

ಮಗು ಮೊದಲು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದಬೇಕು. ಕೈ ಪಳಗಿದ ಮೇಲೆ ಹಲಗೆ, ಕಡತ. ಬಟ್ಟೆಗೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲು ಮತ್ತು ಅಂಟುಗಳ ಲೇಪ ಕೊಟ್ಟರೆ ಅದೇ ಕಡತ. ಅದರ ಮೇಲೆ ಬಳಪದಿಂದ ಬರೆಯುವುದು. ಶಾಲೆಯಲ್ಲಿ ಸಾಮಾನ್ಯವಾಗಿ ನಾಲ್ಕು ತರಗತಿಗಳು. ಕೆಳಗಿನವರ ಪಾಠ ಮುಂದುವರಿದ ಹುಡುಗರ ಪಾಲಿಗೆ, ಮೇಲಿನವರದು ಮೇಷ್ಟರ ಪಾಲಿಗೆ. ಮುಂದುವರಿದವನು ಹಿಂದುಳಿದವನಿಗೆ ಕಲಿಸುತ್ತ ತನ್ನ ತಿಳಿವನ್ನೂ ದೃಢಪಡಿಸಿಕೊಳ್ಳುವ ಈ ಏರ್ಪಾಡು ಮೆಚ್ಚತಕ್ಕದ್ದು, ಇಂಗ್ಲೆಂಡಿನಲ್ಲಿ ಅದನ್ನು ಅನುಸರಿಸಿದ್ದು ಯೋಗ್ಯವೇ ಆಯಿತು ಎಂಬುದು ಕ್ಯಾಂಪ್‌ಬೆಲ್ಲನ ಅಭಿಪ್ರಾಯ. ಇಷ್ಟಕ್ಕೇ ನಿಲ್ಲಿಸಿ ಹೆಮ್ಮೆಪಡುವವರು ಬಹಳ ಮಂದಿ. ವರದಿಯ ಉಳಿದ ಭಾಗವನ್ನೂ ಓದಬೇಕು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಕೈಯಲ್ಲಿ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತದೆ. ಸೋಮಾರಿಯನ್ನು ಕೈಗಳೆರಡನ್ನೂ ಕಟ್ಟಿ ಸೂರಿಗೆ ತೂಗುಹಾಕುವುದೂ ಉಂಟು. ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುವುದೇ ಈ ಶಾಲೆಗಳ ದೊಡ್ಡ ದೋಷವೆಂದೂ ಅವನು ಹೇಳುತ್ತಾನೆ.

ಇಂಗ್ಲೆಂಡಿಗೆ ಈ ಪದ್ಧತಿ ಹೋದದ್ದು ಮದ್ರಾಸಿನಿಂದ. 1789ರಲ್ಲಿ ಎಗ್ಮೋರಿನ ಸೈನಿಕರ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ತಮಿಳು ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದುದನ್ನು ಕಂಡ. ತನ್ನ ಶಾಲೆಯಲ್ಲಿಯೂ ಹಾಗೆಯೇ ಆಗಲೆಂದು ಕೆಳದರ್ಜೆಯ ಉಪಾಧ್ಯಾಯನಿಗೆ ಹೇಳಿದರೆ, ಅದು ಆಗದ ಹೋಗದ ಕೆಲಸವೆಂದು ಅವನು ಕೈಚೆಲ್ಲಿದ. ಬೆಲ್ ಆ ಕೆಲಸವನ್ನು ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಒಪ್ಪಿಸಿದ. ಹುಡುಗ ಮಾಡಿ ತೋರಿಸಿದ. ಮರಳನ್ನು ನಮ್ಮವರಿಂದ ಪಡೆದೆನೆಂದು ಬೆಲ್ ಒಪ್ಪಿಕೊಂಡ. ಹುಡುಗರಿಂದ ಪಾಠ ಹೇಳಿಸುವುದು ಮಾತ್ರ ತನ್ನದೇ ಶೋಧವೆಂದು ಸಾಧಿಸಿದ! 1797ರಲ್ಲಿ ಅವನು ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಿಂದ ಇದಕ್ಕೆ ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು. 1798ರಲ್ಲಿ ಲಂಡನ್ನಿನಲ್ಲಿ ಬಡಮಕ್ಕಳ ಶಾಲೆ ತೆರೆದ ಜೋಸೆಫ್ ಲಂಕಾಸ್ಟರ್ ಇದನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿದ. ಒಬ್ಬನೇ ಮೇಷ್ಟರು, ಸಾವಿರ ಹುಡುಗರು, ನಡುವೆ ಸಾಲುಸಾಲಾಗಿ ಮಾನಿಟರುಗಳು. ಹಲಗೆ ಎತ್ತು ಎಂದರೆ ಎಲ್ಲರೂ ಎತ್ತಬೇಕು, ಇಳಿಸು ಎಂದರೆ ಇಳಿಸಬೇಕು. ಲಂಕಾಸ್ಟರನಿಗೆ ಬೆತ್ತ ಇಷ್ಟವಿರಲಿಲ್ಲ. ಬದಲಿಗೆ ತಪ್ಪುಮಾಡಿದವನ ಕೊರಳಿಗೆ ಮರದ ಕೊರಡು ಕಟ್ಟುತ್ತಿದ್ದ, ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ಏರಿಸುತ್ತಿದ್ದ. ಸೂರಿಗೆ ತೂಗುವ ವಿಷಯದಲ್ಲಿ ಬಳ್ಳಾರಿಯೂ ಲಂಡನ್ನೂ ಒಂದೇ.

ಖರ್ಚು ಕಡಿಮೆಯೆಂದು ಈ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು; ಕೆಲವು ದಶಕಗಳಲ್ಲಿ ಬಾಡಿತು. 1846ರಲ್ಲಿ ಇಂಗ್ಲೆಂಡಿನ ಸರಕಾರ ಮಾನಿಟರುಗಳ ಬದಲಿಗೆ ಹದಿಮೂರು ವರ್ಷ ತುಂಬಿದವರನ್ನು ಆರಿಸಿ, ಐದು ವರ್ಷ ಮುಖ್ಯೋಪಾಧ್ಯಾಯರ ಕೈಕೆಳಗಿಟ್ಟು, ದಿನವೂ ಅವರಿಗೆ ಪ್ರತ್ಯೇಕ ಪಾಠ ಹೇಳಿಸುವ ಏರ್ಪಾಡು ಮಾಡಿತು. ಕಲಿಸುವ ಹುಡುಗನಿಗೂ ಯಾರಾದರೂ ಕಲಿಸಬೇಕೆಂಬುದು ಅವರಿಗೆ ಹೊಳೆಯಲು ಅಷ್ಟು ಕಾಲ ಬೇಕಾಯಿತು. ನಗುವ ಹಾಗಿಲ್ಲ, ನನಗೆ ಅದು ಹೊಳೆಯಲು ಹದಿನಾಲ್ಕು ವರ್ಷ ಹಿಡಿಯಿತು.

1974ರಲ್ಲಿ ನಾನು ಒಂದು ಹಳ್ಳಿಯ ಶಾಲೆಗೆ ಸೇರಿದೆ. ನಾಲ್ಕು ತರಗತಿ, ಒಂದೂವರೆ ಕೋಣೆ, ನಾನೊಬ್ಬನೇ. ನಾಲ್ಕನೆಯ ತರಗತಿಯಲ್ಲಿ ಬಹು ಚುರುಕಾದ ಹುಡುಗನೊಬ್ಬನಿದ್ದ. ಅವನನ್ನು ಒಂದನೆಯ ತರಗತಿಗೆ ಮಾನಿಟರನನ್ನಾಗಿ ಮಾಡಿ, ಅಕ್ಷರ ತಿದ್ದಿಸು ಎಂದೆ. ಹೇಗೆ ತಿದ್ದಿಸಬೇಕೆಂದು ಹೇಳಲಿಲ್ಲ. ಹೇಳಬೇಕೆಂದು ತೋಚಲೂ ಇಲ್ಲ. ಎರಡು ದಿನಗಳಲ್ಲಿ ಗೂಟಕ್ಕೆ ತೂಗುಹಾಕಿದ್ದ ನನ್ನ ಬೆತ್ತ ಅವನ ಕೈಗೆ ಹೋಯಿತು. ನಾನು ನೋಡಿದೆ, ಸುಮ್ಮನಿದ್ದೆ. ಒಂದನೆಯ ತರಗತಿ ಸದ್ದಿಲ್ಲದೆ ಕುಳಿತಿರುತ್ತಿತ್ತು, ನನಗೆ ಅಷ್ಟು ಸಾಕಾಗಿತ್ತು. ಪರದೆಯಂತಿದ್ದ ಅರ್ಧ ಗೋಡೆಯ ಆಚೆಯಿಂದ ಅವನು ಗದರುವ ದನಿ ಕೇಳಿಸುತ್ತಿತ್ತು. ಆ ಬೈಗುಳ, ಆ ಏರಿಳಿತ, ತಪ್ಪಿದವನ ಹೆಸರನ್ನು ಎಳೆದು ಕೂಗುವ ರೀತಿ, ಎಲ್ಲವೂ ನನ್ನದೇ. ಅದು ನನ್ನದೆಂದು ಆಗ ನನ್ನ ಕಿವಿಗೆ ತಿಳಿಯಲಿಲ್ಲ.

ಒಂದು ಸಣ್ಣ ಹುಡುಗ ನಾಲ್ಕೈದು ದಿನ ಬರಲಿಲ್ಲ. ಮನೆಗೆ ಹೋದೆ. ಅವನು ಜಗಲಿಯ ಕಂಬದ ಹಿಂದೆ ಅವಿತುಕೊಂಡ. ಅವನ ತಾಯಿ ಮೊರದಿಂದ ತಲೆಯೆತ್ತದೆ ಹೇಳಿದಳು: "ಮೇಷ್ಟ್ರೇ, ನಿಮ್ ಕೈಲಾದ್ರೆ ಹೊಡಿಸ್ಕಂತೀನಿ, ಅವ್ನ ಕೈಲಿ ಒಲ್ಲೆ ಅಂತಾನೆ." ನಾನು ಏನೇನೋ ಸಮಾಧಾನ ಹೇಳಿ ಬಂದೆ. ಬೆತ್ತವನ್ನು ಗೂಟಕ್ಕೆ ಮರಳಿ ತೂಗುಹಾಕಿದೆ. ಹುಡುಗ ಆ ವರ್ಷ ಬರಲಿಲ್ಲ. ಮರುವರ್ಷ ನನಗೆ ವರ್ಗವಾಯಿತು. ಅವನು ಓದಿದನೋ ಇಲ್ಲವೋ ನನಗೆ ತಿಳಿಯದು.

ಬಹಳ ದಿನ ನಾನು ಇದಕ್ಕೆ ಬೆತ್ತವೇ ಕಾರಣವೆಂದುಕೊಂಡಿದ್ದೆ. ಬೆತ್ತವಿಲ್ಲದೆಯೂ ಆಗುತ್ತಿದ್ದದ್ದು ಅದೇ ಎಂದು ಈಗ ಅನಿಸುತ್ತದೆ. ನಾನು ಆ ಮಾನಿಟರನಿಗೆ ಕೊಟ್ಟಿದ್ದು ಅಧಿಕಾರ, ಕಲಿಸುವ ವಿದ್ಯೆಯನ್ನಲ್ಲ. ಮೊಗಸಾಲೆಯ ನಾಲ್ವರು ಹುಡುಗರಲ್ಲಿ ಇಂದು ತಿದ್ದಿದವನು ನಾಳೆ ತಿದ್ದಿಸಿಕೊಳ್ಳುವವನು. ನನ್ನ ಶಾಲೆಯಲ್ಲಿ, ಲಂಕಾಸ್ಟರನ ಶಾಲೆಯಲ್ಲಿ, ಒಬ್ಬ ಯಾವಾಗಲೂ ಹೇಳುವವನು, ಮಿಕ್ಕವರು ಯಾವಾಗಲೂ ಕೇಳುವವರು.

1988ರಲ್ಲಿ, ಒಂದು ಪಟ್ಟಣದ ಪ್ರೌಢಶಾಲೆಯಲ್ಲಿದ್ದಾಗ, ಮತ್ತೊಮ್ಮೆ ಪ್ರಯತ್ನಿಸಿದೆ. ಒಂಬತ್ತನೆಯ ತರಗತಿಯ ಹನ್ನೆರಡು ಮಂದಿ, ಪಕ್ಕದ ಪ್ರಾಥಮಿಕ ಶಾಲೆಯ ಆರನೆಯ ತರಗತಿಯ ಹನ್ನೆರಡು ಮಂದಿ, ಒಬ್ಬರಿಗೆ ಒಬ್ಬರು. ವಾರಕ್ಕೆ ಮೂರು ಸಂಜೆ, ಮುಕ್ಕಾಲು ಗಂಟೆ ಲೆಕ್ಕ. ಈ ಸಲ ಎರಡು ವಾರ ಮೊದಲೇ ದೊಡ್ಡವರನ್ನು ಕೂರಿಸಿಕೊಂಡು ತಯಾರಿ ಮಾಡಿಸಿದೆ.

ಮೊದಲ ದಿನ ನಾನು ಕಪ್ಪುಹಲಗೆಯ ಮೇಲೆ 52ರಲ್ಲಿ 27 ಕಳೆದು 35 ಎಂದು ಬರೆದೆ. "ತಪ್ಪು ಸಾರ್!" ಎಂದು ಹನ್ನೆರಡು ಬಾಯಿ ಒಟ್ಟಿಗೆ ಕೂಗಿದವು. ತಪ್ಪೆಂದು ನನಗೂ ಗೊತ್ತು, ನಾನು ಅದನ್ನು ಹೇಗೆ ಮಾಡಿದೆ ಹೇಳಿ ಎಂದೆ. ಎಲ್ಲರೂ ಸುಮ್ಮನಾದರು. ಸರಿಯಾದ ಉತ್ತರ 25 ಎಂದು ಒಬ್ಬ ಹೇಳಿದ. ಅದನ್ನು ನಾನು ಕೇಳಿರಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎರಡರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲೇ ಎರಡು ಕಳೆದಿದ್ದೀರ ಸಾರ್" ಎಂದಳು. ಸರಿ, ಇದೇ ನಾನು 84ರಲ್ಲಿ 36 ಕಳೆದರೆ ಎಷ್ಟು ಬರೆಯುತ್ತೇನೆ ಎಂದು ಕೇಳಿದೆ. ಅವಳು ಒಂದು ಕ್ಷಣ ಯೋಚಿಸಿ 52 ಎಂದಳು. ಸರಿಯಾದ ಉತ್ತರ 48. ಆದರೆ ನನಗೆ ಬೇಕಾಗಿದ್ದದ್ದು 52. ಎದುರಿನವನು ಮುಂದೆ ಮಾಡಲಿರುವ ತಪ್ಪನ್ನು ಮೊದಲೇ ಹೇಳಬಲ್ಲವನಿಗೆ ಅವನ ತಲೆಯೊಳಗಿನ ದಾರಿ ಸಿಕ್ಕಿತೆಂದು ಅರ್ಥ. ಎರಡು ವಾರವೂ ನಾನು ಮಾಡಿಸಿದ ಮುಖ್ಯ ಅಭ್ಯಾಸ ಇದೇ: ತಪ್ಪು ಉತ್ತರವೊಂದನ್ನು ಕೊಡುವುದು, ಅದರ ಹಿಂದಿನ ಲೆಕ್ಕಾಚಾರವನ್ನು ಅವರು ಹುಡುಕುವುದು. ಮಗು ಸುಮ್ಮನೆ ತಪ್ಪುವುದು ಅಪರೂಪ. ಬಹಳ ಸಲ ಅದು ತನ್ನದೇ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತದೆ.

ಆಮೇಲೆ ಬಳಪದ ಪ್ರಶ್ನೆ. ಜೋಡಿಗಳು ಕುಳಿತ ಮೊದಲ ಸಂಜೆ ಹನ್ನೆರಡು ಸ್ಲೇಟುಗಳಲ್ಲಿ ಹನ್ನೊಂದು ದೊಡ್ಡವರ ತೊಡೆಯ ಮೇಲಿದ್ದವು. ಕಿರಿಯನು ಅರ್ಧ ಬರೆಯುವಷ್ಟರಲ್ಲಿ "ಹಾಗಲ್ಲ, ಕೊಡಿಲ್ಲಿ" ಎಂದು ಹಿರಿಯನು ಬಳಪ ಕಿತ್ತುಕೊಂಡು ಲೆಕ್ಕ ಮುಗಿಸಿ, "ಗೊತ್ತಾಯ್ತಾ?" ಎನ್ನುವನು. ಕಿರಿಯನು ತಲೆಯಾಡಿಸುವನು. ಇದರಲ್ಲಿ ಲೆಕ್ಕದ ಅಭ್ಯಾಸ ಆದದ್ದು ಹಿರಿಯನಿಗೆ. ಮರುದಿನದಿಂದ ಎರಡು ಕಟ್ಟಳೆ ಮಾಡಿದೆ. ಬಳಪ ಕಲಿಯುವವನ ಕೈಯಲ್ಲೇ ಇರತಕ್ಕದ್ದು; ಕೈ ತುರಿಸಿದರೆ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಕೂರಬೇಕು. "ಗೊತ್ತಾಯ್ತಾ" ಎಂಬ ಪ್ರಶ್ನೆ ನಿಷಿದ್ಧ. ಆ ಪ್ರಶ್ನೆಗೆ ಇಲ್ಲವೆಂದು ಹೇಳುವ ಧೈರ್ಯವಿರುವ ಮಗು ಲಕ್ಷಕ್ಕೊಂದು. ಅದರ ಬದಲು "ನನಗೆ ಒಂದು ಸಲ ಹೇಳಿಕೊಡು" ಎನ್ನಬೇಕು. ಏನನ್ನಾದರೂ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಬಾಯಿ ತೆರೆಯಬಾರದೆಂದೂ ಹೇಳಿದೆ. ಇದು ಎಲ್ಲಕ್ಕಿಂತ ಕಷ್ಟವಾಯಿತು. ನಂಬಿಕೆ ಬಾರದಿದ್ದರೆ ತಾವೇ ಯಾವುದಾದರೂ ಮಗುವಿಗೆ ಪ್ರಶ್ನೆ ಕೇಳಿ ಹತ್ತರವರೆಗೆ ಎಣಿಸಿ ನೋಡಬಹುದು. ನಾಲ್ಕಕ್ಕೇ ನಾಲಿಗೆ ತುದಿಗೆ ಉತ್ತರ ಬಂದು ನಿಲ್ಲುತ್ತದೆ.

ಕಲಿಸುವವರನ್ನು ಆರಿಸುವುದರಲ್ಲಿಯೂ ನಾನು ಒಂದು ಪಾಠ ಕಲಿತೆ. ತರಗತಿಗೆ ಮೊದಲಿಗನಾದ ಹುಡುಗನನ್ನು ಎಲ್ಲರಿಗಿಂತ ಮೊದಲು ಆರಿಸಿದ್ದೆ. ಅವನು ಒಂದು ವಾರದಲ್ಲಿ ಬೇಸತ್ತ. ಇಷ್ಟು ಸುಲಭವಾದದ್ದು ಒಬ್ಬನಿಗೆ ಏಕೆ ತಿಳಿಯುವುದಿಲ್ಲ ಎಂಬುದೇ ಅವನಿಗೆ ತಿಳಿಯಲಿಲ್ಲ. ಹಿಂದಿನ ಬೆಂಚಿನ ಆ ಹುಡುಗಿ ಗಣಿತದಲ್ಲಿ ಆಗಷ್ಟೇ ಉತ್ತೀರ್ಣಳಾಗುತ್ತಿದ್ದವಳು; ಸಂಖ್ಯೆ ತುಂಬಲೆಂದು ಸೇರಿಸಿಕೊಂಡಿದ್ದೆ.

ಒಂದು ಸಂಜೆ ಭಿನ್ನರಾಶಿಗಳ ಭಾಗಾಕಾರ ನಡೆದಿತ್ತು. ಅರ್ಧವನ್ನು ಕಾಲಿನಿಂದ ಭಾಗಿಸುವ ಲೆಕ್ಕ. ಎರಡನೆಯದನ್ನು ತಿರುವಿಹಾಕಿ ಗುಣಿಸು ಎಂಬ ಸೂತ್ರದಂತೆ ಅವಳ ಪಾಲಿನ ಮಗು ಎರಡು ಎಂದು ಸರಿಯಾದ ಉತ್ತರವನ್ನೇ ಬರೆಯಿತು. ಬರೆದು, "ಅಕ್ಕಾ, ಭಾಗ ಮಾಡಿದರೆ ಕಮ್ಮಿ ಆಗಬೇಕಲ್ವಾ? ಜಾಸ್ತಿ ಆಯ್ತಲ್ಲ?" ಎಂದು ಕೇಳಿತು. ಹುಡುಗಿ ಎದ್ದು ನನ್ನ ಬಳಿಗೆ ಬಂದಳು. ನಾನು ಸೂತ್ರವನ್ನೇ ಇನ್ನೊಮ್ಮೆ ಹೇಳಿದೆ. "ಅದು ಗೊತ್ತು ಸಾರ್, ಯಾಕೆ ಅಂತ ಕೇಳ್ತಿದಾಳೆ" ಎಂದಳು. ನಾನು ತಡವರಿಸಿದೆ. ಹದಿನಾಲ್ಕು ವರ್ಷ ಆ ಲೆಕ್ಕ ಹೇಳಿಕೊಟ್ಟವನಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಧೈರ್ಯ ಅಕ್ಕನ ಎದುರಿಗೆ ಬಂತು, ಮೇಷ್ಟರ ಎದುರಿಗೆ ಬಂದಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಆ ಮಕ್ಕಳಿಗೆಲ್ಲ ನಾನು ಒಂದೊಂದು ನೋಟ್‌ಬುಕ್ಕು ಕೊಡಿಸಿದ್ದೆ. ಉತ್ತರ ಹೇಳಲಾಗದ ಪ್ರಶ್ನೆಗಳನ್ನು ಮಾತ್ರ ಬರೆಯುವುದಕ್ಕೆ. ಅವಳು ಅದನ್ನು ಬರೆದುಕೊಂಡು ಮನೆಗೆ ಹೋದಳು. ಮುಂದಿನ ಪಾಠಕ್ಕೆ ಬರುವಾಗ ಅಡುಗೆಮನೆಯ ಹಿತ್ತಾಳೆಯ ಅಚ್ಚೇರು, ಪಾವು, ಒಂದಿಷ್ಟು ಅಕ್ಕಿ ತಂದಳು. ಸೇರಿನ ಅರ್ಧ ಅಚ್ಚೇರು, ಕಾಲು ಪಾವು. ಅಚ್ಚೇರಿನ ತುಂಬ ಅಕ್ಕಿ ಹಾಕಿ ಪಾವನ್ನು ಮಗುವಿನ ಕೈಗೆ ಕೊಟ್ಟು, "ಇದರಿಂದ ಅಳೆ, ಎಷ್ಟು ಸಲ ಆಗುತ್ತೆ ನೋಡು" ಎಂದಳು. ಎರಡು ಸಲ. ಮಗು ಬಹಳ ಹೊತ್ತು ಪಾವನ್ನು ನೋಡುತ್ತ ಕುಳಿತು, "ಓ, ಅಳೆಯೋದು ಚಿಕ್ಕದಾದರೆ ಸಲ ಜಾಸ್ತಿ ಆಗುತ್ತೆ" ಎಂದಿತು. ಹುಡುಗಿ ನನ್ನ ಕಡೆ ತಿರುಗಿ, ತನಗೂ ಇದು ನಿನ್ನೆ ರಾತ್ರಿಯವರೆಗೆ ತಿಳಿದಿರಲಿಲ್ಲವೆಂದಳು. ಕಲಿಸುವವನು ಎರಡು ಸಲ ಕಲಿಯುತ್ತಾನೆಂದು ಭಾಷಣಗಳಲ್ಲಿ ಹೇಳುತ್ತೇವೆ. ಅವಳು ಎರಡನೆಯ ಸಲ ಕಲಿಯಲಿಲ್ಲ. ಮೊದಲ ಸಲ ಕಲಿತಳು. ಆ ವರೆಗೆ ಅವಳಿಗೆ ಬರುತ್ತಿದ್ದದ್ದು ತಿರುವಿಹಾಕುವ ಕೈಚಳಕ ಮಾತ್ರ.

ವಿದ್ವಾಂಸರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 1982ರಲ್ಲಿ ಅಮೆರಿಕದಲ್ಲಿ ಪೀಟರ್ ಕೋಹೆನ್ ಮತ್ತು ಜೊತೆಗಾರರು ಇಂತಹ 65 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದಾಗ, ಕಲಿಸಿಕೊಂಡವರು ಮಾತ್ರವಲ್ಲ, ಕಲಿಸಿದ ವಿದ್ಯಾರ್ಥಿಗಳೂ ಆ ವಿಷಯದಲ್ಲಿ ಮುಂದುವರಿದದ್ದು ಕಂಡುಬಂತು. ಆದರೆ 2007ರಲ್ಲಿ ರಾಡ್ ರಾಸ್ಕೋ ಮತ್ತು ಮಿಶೆಲಿನ್ ಚಿ ಎಂಬಿಬ್ಬರು ಇನ್ನೂ ಒಳಹೊಕ್ಕು ನೋಡಿ ಎಚ್ಚರಿಕೆಯ ಮಾತೊಂದನ್ನು ಹೇಳಿದರು. ಕಲಿಸಲು ಕುಳಿತ ವಿದ್ಯಾರ್ಥಿ ಸಾಮಾನ್ಯವಾಗಿ ತನಗೆ ತಿಳಿದದ್ದನ್ನು ಒಪ್ಪಿಸಿಬಿಡುತ್ತಾನೆ. ಹೇಳುತ್ತ ಹೇಳುತ್ತ ತನ್ನ ತಿಳಿವನ್ನು ಮರಳಿ ಕಟ್ಟಿಕೊಳ್ಳುವುದು ಕಡಿಮೆ. ಎದುರಿನವನು ಆಳವಾದ ಪ್ರಶ್ನೆ ಕೇಳಿದಾಗ, ತನಗೇ ಸಂಶಯ ಬಂದಾಗ ಆ ಕಟ್ಟುವಿಕೆ ನಡೆಯುತ್ತದೆ. ಅಂದರೆ ಲಾಭವಿರುವುದು ಹೇಳುವುದರಲ್ಲಿ ಅಲ್ಲ, ಸಿಕ್ಕಿಹಾಕಿಕೊಳ್ಳುವುದರಲ್ಲಿ.

ತಂದೆತಾಯಿಗಳ ಆಕ್ಷೇಪಗಳನ್ನೂ ಹೇಳಬೇಕು. ತಮ್ಮ ಮಗನ ಓದಿನ ಹೊತ್ತು ಪರರ ಮಕ್ಕಳಿಗೆ ಹೋಗುತ್ತದೆಂದು ಒಬ್ಬರು ಜಗಳಕ್ಕೆ ಬಂದರು. ಅವರಿಗೆ ಪಾವಿನ ಕತೆ ಹೇಳಿದೆ. ಒಪ್ಪಿದರೋ ಇಲ್ಲವೋ, ಮಗನನ್ನು ಬಿಡಿಸಲಿಲ್ಲ. ಇನ್ನೊಬ್ಬರು, ಸಂಬಳ ತೆಗೆದುಕೊಳ್ಳುವವರು ನೀವು, ನನ್ನ ಮಗಳಿಗೆ ಹುಡುಗರ ಕೈಲಿ ಏಕೆ ಪಾಠ ಹೇಳಿಸುತ್ತೀರಿ ಎಂದರು. ಈ ಆಕ್ಷೇಪ ನ್ಯಾಯವಾದದ್ದು. ಲಂಕಾಸ್ಟರನ ಪದ್ಧತಿ ಕೆಟ್ಟದ್ದು ಈ ಕಡೆಯಿಂದಲೇ. ಮೇಷ್ಟರ ಬದಲು ಅಗ್ಗಕ್ಕೆ ಹುಡುಗರು ಸಿಕ್ಕಿದರೆಂಬ ಸಂತೋಷವೇ ಅದಕ್ಕೆ ಮುಳುವಾಯಿತು. ಶಿಕ್ಷಕರ ಹುದ್ದೆ ಖಾಲಿಯಿರುವ ಕಡೆ ಅದನ್ನು ತುಂಬುವ ಉಪಾಯ ಇದೆಂದು ಯಾರಾದರೂ ಹೇಳಿದರೆ ನಾನು ವಿರೋಧಿಸುತ್ತೇನೆ. ಮಕ್ಕಳು ಕಲಿಸುವ ಹೊತ್ತಿನಲ್ಲಿ ಮೇಷ್ಟರಿಗೆ ಕೆಲಸ ಇಮ್ಮಡಿ: ಹನ್ನೆರಡು ಜೋಡಿಗಳ ನಡುವೆ ಓಡಾಡಿ ಕಿವಿಗೊಡಬೇಕು, ಹುಡುಗನಿಂದ ಹುಡುಗನಿಗೆ ತಪ್ಪು ದಾಟಿಹೋಗುವುದನ್ನು ಹಿಡಿಯಬೇಕು, ಪಾಠ ಮುಗಿದ ಮೇಲೆ ಆ ನೋಟ್‌ಬುಕ್ಕುಗಳನ್ನು ಓದಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ, ಋಷಿ ಕಣಿವೆಯ ಶಾಲೆಗಳಿಂದ ಪ್ರೇರಣೆ ಪಡೆದು 'ನಲಿ-ಕಲಿ' ಆರಂಭವಾದಾಗ, ಮಕ್ಕಳು ಗುಂಪುಗುಂಪಾಗಿ, ಕೆಲವರು ಶಿಕ್ಷಕರ ಜೊತೆ, ಕೆಲವರು ಗೆಳೆಯರ ನೆರವಿನಿಂದ, ಕೆಲವರು ತಾವೇ ಕಲಿಯುವ ಏರ್ಪಾಡನ್ನು ಕಂಡು ನನಗೆ ಹಿಗ್ಗಾಯಿತು. ಅದನ್ನು ಚೆನ್ನಾಗಿ ನಡೆಸುವ ಶಿಕ್ಷಕಿಯನ್ನು ನೋಡಬೇಕು. ನಲವತ್ತು ನಿಮಿಷ ಆಕೆ ಕುಳಿತದ್ದನ್ನು ನಾನು ಕಂಡಿಲ್ಲ.

ಆ ಹುಡುಗಿಯ ನೋಟ್‌ಬುಕ್ಕು ವರ್ಷದ ಕೊನೆಗೆ ನನ್ನ ಕೈಗೆ ಬಂತು. ಹದಿನೇಳು ಪ್ರಶ್ನೆಗಳಿದ್ದವು. ಹಲವಕ್ಕೆ ಪಕ್ಕದಲ್ಲಿ ಉತ್ತರ ಬರೆದಿದ್ದಳು. ಕೊನೆಯದಕ್ಕೆ ಮಾತ್ರ ಇರಲಿಲ್ಲ: ಸೊನ್ನೆಯಿಂದ ಏಕೆ ಭಾಗಿಸಬಾರದು? ಪುಸ್ತಕದಲ್ಲಿ ಭಾಗಿಸಬಾರದೆಂದಷ್ಟೇ ಇದೆ, ನೀನು ಅವಳಿಗೆ ಏನು ಹೇಳಿದೆ ಎಂದು ಕೇಳಿದೆ. ತಾನು ಏನೂ ಹೇಳಲಿಲ್ಲ, ಹತ್ತು ಎಣಿಸಿದೆ ಎಂದಳು. ಎಣಿಸಿ ಮುಗಿಯುವ ಮೊದಲೇ ಮಗು ಪಾವನ್ನು ಬೋರಲು ಹಾಕಿ, ಅದರ ತಳದ ಮೇಲೆ ಒಂದು ಹಿಡಿ ಅಕ್ಕಿ ಸುರಿದು, ಎಲ್ಲ ಜಾರಿ ಕೆಳಗೆ ಬಿದ್ದದ್ದನ್ನು ನೋಡಿ ಹೇಳಿತಂತೆ: "ಅಕ್ಕಾ, ಏನೂ ಹಿಡಿಯದ ಪಾವಲ್ಲಿ ಅಳೀತಾ ಕೂತರೆ ಅಕ್ಕಿ ಯಾವಾಗ ಮುಗಿಯುತ್ತೆ?"